ಎದುರಿನವರು ಹೇಳದ ಮಾತನ್ನು ಖಂಡಿಸಬೇಡಿ: ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಬೋಧಕರಿಗೆ ಬಹಿರಂಗ ಪತ್ರ

ಗೌರವಾನ್ವಿತ ಗುರುಗಳೇ, ಸಭಾಪಾಲಕರೇ, ಧರ್ಮೋಪದೇಶ ಮತ್ತು ಸಂಡೇ ಸ್ಕೂಲ್ ಕಲಿಸುವ ಶಿಕ್ಷಕರೇ,

ಅಕ್ಟೋಬರ್ ಕಥೋಲಿಕರಿಗೆ ಜಪಸರದ, ಅಂದರೆ ಮಣಿ ಎಣಿಸುತ್ತ ಮರಿಯಮ್ಮನವರನ್ನು ನೆನೆದು ಹೇಳುವ ಪ್ರಾರ್ಥನೆಯ, ತಿಂಗಳು. ಅದೇ ತಿಂಗಳ 31 ಪ್ರೊಟೆಸ್ಟೆಂಟರಿಗೆ ಸುಧಾರಣಾ ದಿನ, 1517ರಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಸಭಾಸುಧಾರಣೆಯನ್ನು ನೆನೆಯುವ ದಿನ. ಹೀಗಾಗಿ ಹಳೆಯ ಎರಡು ಜಗಳಗಳು ಈ ತಿಂಗಳಲ್ಲಿ ಮತ್ತೆ ಎದ್ದು ಕೂರುತ್ತವೆ. ಮನುಷ್ಯನಿಗೆ ರಕ್ಷಣೆ ಸಿಗುವುದು ಹೇಗೆ ಎಂಬುದೊಂದು, ಯೇಸುವಿನ ತಾಯಿ ಮರಿಯಮ್ಮನವರಿಗೆ ಎಂಥ ಸ್ಥಾನ ಎಂಬುದು ಇನ್ನೊಂದು. ಒಂದು ಕಡೆಯ ಪಾಠದಲ್ಲಿ "ಕಥೋಲಿಕರು ಪುಣ್ಯಕಾರ್ಯ ಮಾಡಿ ಸ್ವರ್ಗ ಸಂಪಾದಿಸುತ್ತಾರೆ, ಮರಿಯಳನ್ನು ದೇವರಂತೆ ಆರಾಧಿಸುತ್ತಾರೆ" ಎಂದಿರುತ್ತದೆ. ಇನ್ನೊಂದು ಕಡೆ "ಪ್ರೊಟೆಸ್ಟೆಂಟರಿಗೆ ನಂಬಿದರೆ ಸಾಕು, ಆಮೇಲೆ ಹೇಗೆ ಬದುಕಿದರೂ ನಡೆಯುತ್ತದೆ, ದೇವಮಾತೆಗೆ ಅವರಲ್ಲಿ ಬೆಲೆಯೇ ಇಲ್ಲ" ಎಂದು. ಮೊದಲನೆಯದು ಕಥೋಲಿಕ ಸಭೆಯ ಬೋಧನೆಯಲ್ಲ, ಎರಡನೆಯದು ಸುಧಾರಣೆಯ ಯಾವ ಪ್ರಮುಖ ಸಭೆಯ ಬೋಧನೆಯೂ ಅಲ್ಲ.

ನಾವು ಕೇಳುವುದು ಇಷ್ಟೇ. ಎದುರಿನ ಸಭೆ ಏನು ಕಲಿಸುತ್ತದೆ ಎಂದು ಹೇಳುವಾಗ, ಆ ಸಭೆಯವರೇ "ಹೌದು, ಇದು ನಮ್ಮ ಮಾತು" ಎಂದು ಒಪ್ಪುವ ಹಾಗೆ ಮೊದಲು ಹೇಳಿ, ಆಮೇಲೆ ಖಂಡಿಸಿ. ಭಿನ್ನಾಭಿಪ್ರಾಯವನ್ನು ಮುಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಭಿನ್ನಾಭಿಪ್ರಾಯ ಇದೆ, ಅದು ಸಣ್ಣದೂ ಅಲ್ಲ. ಆದರೆ ಜನರು ಜಗಳವಾಡುತ್ತಿರುವ ಜಾಗದಲ್ಲಿ ಅದು ಇಲ್ಲ.

ರಕ್ಷಣೆಯಿಂದಲೇ ಆರಂಭಿಸೋಣ. ಕಥೋಲಿಕ ಸಭೆ ಈ ವಿಷಯದಲ್ಲಿ ಅಧಿಕೃತವಾಗಿ ಏನು ಹೇಳಿತು ಎಂಬುದಕ್ಕೆ ಮೂಲ ದಾಖಲೆ, ಸುಧಾರಣೆಗೆ ಉತ್ತರ ಕೊಡಲು ಕಥೋಲಿಕ ಧರ್ಮಾಧ್ಯಕ್ಷರು ಸೇರಿದ ಟ್ರೆಂಟ್ ಮಹಾಸಭೆಯ ಆರನೇ ಅಧಿವೇಶನದ ತೀರ್ಪು. ಅದು ಬಂದದ್ದು 1547ರ ಜನವರಿಯಲ್ಲಿ. ಅದರಲ್ಲಿ 16 ಅಧ್ಯಾಯಗಳಿವೆ, ಅವುಗಳ ಹಿಂದೆ 33 ಖಂಡನಾ ಸೂತ್ರಗಳಿವೆ. ಪ್ರೊಟೆಸ್ಟೆಂಟ್ ಬೋಧಕರು ಸಾಮಾನ್ಯವಾಗಿ ಎತ್ತುವುದು 9ನೇ ಸೂತ್ರವನ್ನು: ವಿಶ್ವಾಸದಿಂದ ಮಾತ್ರವೇ ಪಾಪಿ ನೀತಿವಂತನಾಗುತ್ತಾನೆ, ಬೇರೇನೂ ಬೇಡ, ಅವನ ಮನಸ್ಸು ಸಿದ್ಧವಾಗುವ ಅಗತ್ಯವೂ ಇಲ್ಲ ಎಂದು ಯಾರಾದರೂ ಹೇಳಿದರೆ ಅವನು ಬಹಿಷ್ಕೃತ ಎಂಬ ಅರ್ಥದ್ದು. ಸರಿ, ಅದು ಅಲ್ಲಿದೆ. ಆದರೆ ಅದಕ್ಕಿಂತ ಎಂಟು ಸೂತ್ರ ಮೊದಲು, ಪಟ್ಟಿಯ ತಲೆಯಲ್ಲೇ, ಮೊದಲನೆಯ ಸೂತ್ರವಿದೆ. ಕ್ರಿಸ್ತನ ಮೂಲಕ ಬರುವ ದೇವರ ಕೃಪೆಯಿಲ್ಲದೆ, ಮನುಷ್ಯ ತನ್ನ ಸ್ವಂತ ಕ್ರಿಯೆಗಳಿಂದಲೇ ದೇವರ ಮುಂದೆ ನೀತಿವಂತನಾಗಬಲ್ಲ ಎಂದು ಹೇಳುವವನೂ ಬಹಿಷ್ಕೃತ ಎಂದು ಅದು ಸಾರುತ್ತದೆ. ಎಂಟನೇ ಅಧ್ಯಾಯ ಇನ್ನೂ ಸ್ಪಷ್ಟ: ವಿಶ್ವಾಸವೇ ರಕ್ಷಣೆಯ ಆರಂಭ, ಬುಡ, ಬೇರು. ನೀತಿವಂತನಾಗುವ ಮೊದಲಿನ ಯಾವುದೂ, ಅದು ವಿಶ್ವಾಸವಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಗಳಿಸಿಕೊಡುವುದಿಲ್ಲ. ಇಂದಿನ ಕಥೋಲಿಕ ಧರ್ಮೋಪದೇಶ ಗ್ರಂಥದ 2010ನೇ ಪರಿಚ್ಛೇದವೂ ಇದನ್ನೇ ಹೇಳುತ್ತದೆ: ಮನಪರಿವರ್ತನೆಯ ಆರಂಭದಲ್ಲಿ ಕ್ಷಮೆಯ ಆ ಮೊದಲ ಕೃಪೆಯನ್ನು ಯಾರೂ ಸಂಪಾದಿಸಲಾರರು.

ಇಷ್ಟು ಓದಿದ ಮೇಲೂ "ಕಥೋಲಿಕರದ್ದು ಕ್ರಿಯೆಯಿಂದ ರಕ್ಷಣೆ" ಎಂದು ಬರೆಯುವವರು ದಯವಿಟ್ಟು ಒಂದು ವಾಕ್ಯ ಸೇರಿಸಲಿ: ಆ ಬೋಧನೆಯನ್ನು ಕಥೋಲಿಕ ಸಭೆ, ಮನುಷ್ಯ ಸ್ವಂತ ಪ್ರಯತ್ನದಿಂದಲೇ ನೀತಿವಂತನಾಗಬಲ್ಲ ಎಂದ ಪೆಲಾಗಿಯಸನ ಕಾಲದಲ್ಲಿ, 418ರ ಕಾರ್ಥೇಜ್ ಸಭೆಯಲ್ಲೇ ಖಂಡಿಸಿತ್ತು. 529ರಲ್ಲಿ ಆರೆಂಜ್ ಎಂಬಲ್ಲಿ ಸೇರಿದ ಸಭೆ, ವಿಶ್ವಾಸದ ಮೊದಲ ಹೆಜ್ಜೆಯೂ ಕೃಪೆಯಿಂದಲೇ ಎಂದು ಮತ್ತೊಮ್ಮೆ ತೀರ್ಮಾನಿಸಿತು.

ಈಗ ಇನ್ನೊಂದು ಕಡೆ. "ನಂಬಿದರೆ ಸಾಕು, ಬದುಕು ಹೇಗಿದ್ದರೂ ಸರಿ" ಎಂಬುದನ್ನು ಕಥೋಲಿಕ ಬೋಧಕರು ಲೂಥರನ ತಲೆಗೆ ಕಟ್ಟುತ್ತಾರೆ. ಆಧಾರವಾಗಿ ಬರುವುದು "ಧೈರ್ಯವಾಗಿ ಪಾಪಮಾಡು" ಎಂಬ ಅವನ ಮಾತು. 1521ರ ಆಗಸ್ಟ್‌ನಲ್ಲಿ ತನ್ನ ಸಹಸುಧಾರಕ ಮೆಲಾಂಕ್ಥನ್‌ಗೆ ಬರೆದ ಒಂದು ಖಾಸಗಿ ಪತ್ರದ ಮಾತದು. ಆ ವಾಕ್ಯ ಅಲ್ಲಿಗೇ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚು ಧೈರ್ಯದಿಂದ ಕ್ರಿಸ್ತನನ್ನು ನಂಬು, ಅವನಲ್ಲಿ ಹರ್ಷಿಸು ಎಂದು ಮುಂದುವರಿಯುತ್ತದೆ. ಸ್ನೇಹಿತನಿಗೆ ಬರೆದ ಪತ್ರವೊಂದು ಲೂಥರನ್ ಸಭೆಯ ಸಿದ್ಧಾಂತವೂ ಅಲ್ಲ. ಸಿದ್ಧಾಂತ ಬೇಕಿದ್ದರೆ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣ ತೆಗೆಯಿರಿ. ಅದರ 28 ವಿಧಿಗಳಲ್ಲಿ ನಾಲ್ಕನೆಯದು ವಿಶ್ವಾಸದಿಂದ ನೀತಿವಂತರಾಗುವುದನ್ನು ಹೇಳುತ್ತದೆ. ಆರನೆಯದು ಆ ವಿಶ್ವಾಸ ಒಳ್ಳೆಯ ಫಲ ಕೊಡಲೇಬೇಕು ಎನ್ನುತ್ತದೆ. ಇಪ್ಪತ್ತನೆಯದಂತೂ ಒಳ್ಳೆಯ ಕ್ರಿಯೆಗಳನ್ನು ನಾವು ನಿಷೇಧಿಸುತ್ತೇವೆ ಎಂಬ ಆರೋಪಕ್ಕೇ ಕೊಟ್ಟ ಉದ್ದನೆಯ ಉತ್ತರ. ಅಂದರೆ ಈ ಆರೋಪಕ್ಕೆ ಐದು ಶತಮಾನಗಳ ಹಿಂದೆಯೇ ಉತ್ತರ ಬಂದಾಗಿದೆ. ಇನ್ನೊಬ್ಬ ಸುಧಾರಕ ಕಾಲ್ವಿನ್‌ನ ಪರಂಪರೆಯವರು ಇದೇ ಆರೋಪಕ್ಕೆ ಉತ್ತರವಾಗಿ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ 60ರಿಂದ 64ರವರೆಗಿನ ಮತ್ತು 86ನೆಯ ಪ್ರಶ್ನೆಗಳನ್ನು ತೋರಿಸುತ್ತಾರೆ. ನೀತಿವಂತನಾಗಲು ವಿಶ್ವಾಸವೊಂದೇ ಸಾಧನ, ಆದರೆ ನೀತಿವಂತನಾದವನಲ್ಲಿ ಆ ವಿಶ್ವಾಸ ಎಂದೂ ಒಂಟಿಯಾಗಿರುವುದಿಲ್ಲ ಎಂಬುದು ಅದೇ ಪರಂಪರೆಯ ವೆಸ್ಟ್‌ಮಿನ್‌ಸ್ಟರ್ ಪ್ರಮಾಣದ 11ನೇ ಅಧ್ಯಾಯದ ಸಾರ.

ಇಲ್ಲೊಂದು ಸ್ವಾರಸ್ಯ. ಒಳ್ಳೆಯ ಕ್ರಿಯೆ ರಕ್ಷಣೆಗೆ ಅಗತ್ಯ ಎಂದು ಲೂಥರನ್ನರಲ್ಲೇ ಗೇಯೋರ್ಗ್ ಮೇಯರ್ ಎಂಬಾತ ವಾದಿಸಿದಾಗ, ಆಮ್ಸ್‌ಡಾರ್ಫ್ ಎಂಬ ಇನ್ನೊಬ್ಬ ಸಿಟ್ಟಿನಲ್ಲಿ ಒಳ್ಳೆಯ ಕ್ರಿಯೆ ರಕ್ಷಣೆಗೆ ಹಾನಿಕರ ಎಂದುಬಿಟ್ಟ. 1577ರಲ್ಲಿ ಲೂಥರನ್ ಸಭೆ ಸೌಹಾರ್ದಸೂತ್ರ ಎಂಬ ತನ್ನ ಪ್ರಮಾಣದ ನಾಲ್ಕನೇ ವಿಧಿಯಲ್ಲಿ ಇಬ್ಬರ ಮಾತನ್ನೂ ತಳ್ಳಿಹಾಕಿತು. ಕಥೋಲಿಕ ಕರಪತ್ರಗಳು ಬಹಳ ಸಲ ಖಂಡಿಸುವುದು ಈ ಆಮ್ಸ್‌ಡಾರ್ಫನನ್ನು. ಅವನನ್ನು ಅವನ ಸಭೆಯೇ ಖಂಡಿಸಿ ಮುಗಿಸಿದೆ.

ಹಾಗಾದರೆ ನಿಜವಾದ ಜಗಳ ಎಲ್ಲಿದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ತರಗತಿಗಳಲ್ಲಿ ತಪ್ಪುವುದೂ ಇಲ್ಲೇ.

ದೇವರು ಪಾಪಿಯನ್ನು ನೀತಿವಂತನೆಂದು ಸ್ವೀಕರಿಸುವಾಗ ಆತ ನೋಡುವುದು ಏನನ್ನು? ಸುಧಾರಕರ ಉತ್ತರ: ಕ್ರಿಸ್ತನ ನೀತಿಯನ್ನು. ಅದು ಪಾಪಿಯ ಹೊರಗಿನದು, ಅವನ ಲೆಕ್ಕಕ್ಕೆ ಎಣಿಸಲಾಗುತ್ತದೆ. ವಿಶ್ವಾಸ ಅದನ್ನು ತೆಗೆದುಕೊಳ್ಳುವ ಬರಿಗೈ ಮಾತ್ರ. ಒಳಗಿನ ಬದಲಾವಣೆ, ಅಂದರೆ ಪವಿತ್ರೀಕರಣ, ಜೊತೆಜೊತೆಗೇ ಶುರುವಾಗುತ್ತದೆ. ಆದರೆ ತೀರ್ಪಿಗೆ ಅದು ಆಧಾರವಲ್ಲ. ಟ್ರೆಂಟ್‌ನ ಏಳನೇ ಅಧ್ಯಾಯದ ಉತ್ತರ ಬೇರೆ. ನೀತಿವಂತನಾಗುವುದೆಂದರೆ ಪಾಪಕ್ಷಮೆಯಷ್ಟೇ ಅಲ್ಲ, ಒಳಗಿನ ಮನುಷ್ಯ ಹೊಸದಾಗುವುದೂ ಅದರಲ್ಲೇ ಸೇರಿದೆ. ದೇವರು ತನ್ನ ನೀತಿಯನ್ನು ಮನುಷ್ಯನೊಳಗೆ ಸುರಿಯುತ್ತಾನೆ, ಅದರಿಂದ ಅವನು ನಿಜವಾಗಿ ನೀತಿವಂತನಾಗುತ್ತಾನೆ. ಎರಡೂ ಕಡೆ ಕೊಡುವವನು ದೇವರೇ, ಕಾರಣ ಕ್ರಿಸ್ತನ ಶಿಲುಬೆಯೇ. ಕೊಟ್ಟದ್ದು ಮನುಷ್ಯನ ಮೇಲೆ ಹೊದಿಸಿದ ಹೊದಿಕೆಯೋ ಅವನೊಳಗೆ ಹರಿದ ಜೀವವೋ ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಈ ಕವಲಿನಿಂದ ಮೂರು ದೊಡ್ಡ ಪರಿಣಾಮಗಳು ಹುಟ್ಟುತ್ತವೆ. ಪಾಠದಲ್ಲಿ ಇವನ್ನು ಒಂದೊಂದಾಗಿ ಬಿಡಿಸಿ ತೋರಿಸಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಒಂದು, ನೀತಿ ಬೆಳೆಯಬಲ್ಲುದೇ? ಒಳಗೆ ಸುರಿದದ್ದಾದರೆ ಬೆಳೆಯುತ್ತದೆ, ಒಳ್ಳೆಯ ಕ್ರಿಯೆಯಿಂದ ಹೆಚ್ಚುತ್ತದೆ. ಟ್ರೆಂಟ್‌ನ ಹತ್ತನೇ ಅಧ್ಯಾಯ, 24ನೇ ಸೂತ್ರ ಹೇಳುವುದು ಇದನ್ನೇ. ಹೊರಗಿನಿಂದ ಎಣಿಸಿದ್ದಾದರೆ ಅದು ಮೊದಲ ದಿನವೇ ಪೂರ್ಣ, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ, ಬೆಳೆಯುವುದು ಪವಿತ್ರೀಕರಣ. ಪುಣ್ಯಫಲದ ವಾದವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಟ್ರೆಂಟ್ 16ನೇ ಅಧ್ಯಾಯದಲ್ಲಿ ದೇವರು ತನ್ನ ವರಗಳನ್ನೇ ಮನುಷ್ಯನ ಪುಣ್ಯಫಲವೆಂದು ಎಣಿಸುವಷ್ಟು ಉದಾರಿ ಎಂದು ಬರೆದು ಅಂಚನ್ನು ಮೆದುಗೊಳಿಸಿದ್ದು ನಿಜ. ಆದರೂ ಸುಧಾರಕರ ಆಕ್ಷೇಪ ಅದರಿಂದ ಕರಗುವುದಿಲ್ಲ. ಅವರ ಪ್ರಕಾರ ಕೃಪೆಯ ಲೆಕ್ಕದಲ್ಲಿ ಗಳಿಕೆ ಎಂಬ ಕಲಮೇ ಇರಬಾರದು.

ಎರಡು, ಕಳೆದುಹೋಗಬಲ್ಲುದೇ? ಕಥೋಲಿಕ ಬೋಧನೆಯಲ್ಲಿ ಮಾರಕ ಪಾಪದಿಂದ ಕೃಪೆ ಕಳೆದುಹೋಗುತ್ತದೆ, ಪಾಪನಿವೇದನೆಯಲ್ಲಿ ಮರಳಿ ಸಿಗುತ್ತದೆ. ಪ್ರೊಟೆಸ್ಟೆಂಟರ ಉತ್ತರವನ್ನು ಹೇಳುವಾಗ ಕಥೋಲಿಕ ಶಿಕ್ಷಕರು ಎಚ್ಚರವಾಗಿರಬೇಕು, ಯಾಕೆಂದರೆ ಅವರಲ್ಲಿ ಒಂದೇ ಉತ್ತರ ಇಲ್ಲ. ಕಾಲ್ವಿನ್ ಪರಂಪರೆಯವರು ನಿಜವಾಗಿ ಆರಿಸಲ್ಪಟ್ಟವನು ಕೊನೆಗೂ ಬಿದ್ದುಹೋಗುವುದಿಲ್ಲ ಎನ್ನುತ್ತಾರೆ. ಲೂಥರನ್ನರು, ವೆಸ್ಲಿಯ ಮೆಥೊಡಿಸ್ಟರು ಬೀಳಬಹುದು ಎನ್ನುತ್ತಾರೆ. "ಒಮ್ಮೆ ರಕ್ಷಣೆಯಾದರೆ ಯಾವಾಗಲೂ ರಕ್ಷಣೆ" ಎಂಬ ಘೋಷಣೆಯನ್ನು ಇಡೀ ಪ್ರೊಟೆಸ್ಟೆಂಟ್ ಜಗತ್ತಿನ ಮೇಲೆ ಹಾಕಿದರೆ ಅರ್ಧಕ್ಕರ್ಧ ಜನ ಅದು ನಮ್ಮದಲ್ಲ ಎಂದು ಎದ್ದು ಹೋಗುತ್ತಾರೆ. ದೀಕ್ಷಾಸ್ನಾನದಲ್ಲೂ ಹೀಗೇ: ಅದರಲ್ಲಿ ಹೊಸ ಹುಟ್ಟು ದೊರೆಯುತ್ತದೆ ಎನ್ನುವ ವಿಷಯದಲ್ಲಿ ಲೂಥರನ್ನರು ಬ್ಯಾಪ್ಟಿಸ್ಟರಿಗಿಂತ ಕಥೋಲಿಕರಿಗೇ ಹತ್ತಿರ.

ಮೂರು, ಭರವಸೆ. ನಾನು ರಕ್ಷಣೆ ಹೊಂದಿದ್ದೇನೆ ಎಂದು ಈಗಲೇ ಖಚಿತವಾಗಿ ಹೇಳಬಹುದೇ? ಟ್ರೆಂಟ್‌ನ ಒಂಬತ್ತನೇ ಅಧ್ಯಾಯ ದೇವರ ಕರುಣೆಯನ್ನು ಸಂಶಯಿಸಬೇಡ, ಆದರೆ ನಿನ್ನ ದೌರ್ಬಲ್ಯವನ್ನು ನೋಡಿ ಅಂಜು ಎನ್ನುತ್ತದೆ. ಸುಧಾರಕರಿಗೆ ದೇವರ ವಾಗ್ದಾನವೇ ಖಾತರಿ. ಮರಣಶಯ್ಯೆಯ ಬಳಿ, ಶವಸಂಸ್ಕಾರದ ಹೊತ್ತಿನಲ್ಲಿ ಎರಡು ಸಭೆಗಳ ಪ್ರಾರ್ಥನೆ ಬೇರೆಬೇರೆಯಾಗಿ ಕೇಳಿಸುವುದು ಬಹುಮಟ್ಟಿಗೆ ಇದರಿಂದಲೇ. ಸತ್ತವರಿಗಾಗಿ ಪ್ರಾರ್ಥಿಸುವುದು, ಶುದ್ಧೀಕರಣಾವಸ್ಥೆ (ಸತ್ತ ಮೇಲೆ ಸ್ವರ್ಗ ಸೇರುವ ಮೊದಲು ಶುದ್ಧಗೊಳ್ಳುವ ಸ್ಥಿತಿ), ಇಂಡಲ್ಜೆನ್ಸ್ (ಉಳಿದ ದಂಡನೆಯಿಂದ ಸಭೆ ಕೊಡುವ ವಿನಾಯಿತಿ), ಇವೆಲ್ಲ ಪಾಪ ಕ್ಷಮೆಯಾದ ಮೇಲೂ ತಾತ್ಕಾಲಿಕ ದಂಡನೆ ಉಳಿಯುತ್ತದೆ ಎಂಬ ಕಥೋಲಿಕ ನಿಲುವಿಗೆ ಕಟ್ಟಿಕೊಂಡಿವೆ. ಹಾಗೆ ಏನೂ ಉಳಿಯುವುದಿಲ್ಲ ಎನ್ನುವುದು ಪ್ರೊಟೆಸ್ಟೆಂಟ್ ನಿಲುವು.

ಇಂಡಲ್ಜೆನ್ಸ್ ಬಗ್ಗೆ ಎರಡು ಮಾತು, ಏಕೆಂದರೆ ಸುಧಾರಣಾ ದಿನದ ಬೋಧನೆಗಳಲ್ಲಿ ಇದು 1517ರಲ್ಲೇ ನಿಂತುಬಿಟ್ಟಿದೆ. ಹಣ ಪಡೆದು ಅದನ್ನು ಹಂಚುತ್ತಿದ್ದ ಮಧ್ಯವರ್ತಿಗಳ ಹುದ್ದೆಯನ್ನು ಟ್ರೆಂಟ್ ಮಹಾಸಭೆಯೇ 1562ರಲ್ಲಿ ರದ್ದು ಮಾಡಿತು. ಹಣಕ್ಕೆ ಸಂಬಂಧಿಸಿದ ಇಂಡಲ್ಜೆನ್ಸ್‌ಗಳನ್ನು ಪೋಪ್ ಐದನೇ ಪಯಸ್ 1567ರಲ್ಲಿ ತೆಗೆದುಹಾಕಿದರು. 1967ರಲ್ಲಿ ಪೋಪ್ ಆರನೇ ಪೌಲರು ಇಷ್ಟು ದಿನ, ಇಷ್ಟು ವರ್ಷದ ವಿನಾಯಿತಿ ಎಂಬ ಲೆಕ್ಕವನ್ನೂ ಕೈಬಿಟ್ಟರು. ಈಗ ಪೂರ್ಣ ಇಂಡಲ್ಜೆನ್ಸ್‌ಗೆ ನಿಗದಿಪಡಿಸಿದ ಕಾರ್ಯದ ಜೊತೆ ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಪೋಪ್‌ರವರ ಸಂಕಲ್ಪಕ್ಕಾಗಿ ಪ್ರಾರ್ಥನೆ ಬೇಕು. ಜೊತೆಗೆ ಯಾವ ಪಾಪದ ಮೇಲೂ, ಅದು ಲಘುವಾಗಿದ್ದರೂ, ಒಲವು ಉಳಿದಿರಬಾರದು. ಈ ಕೊನೆಯ ಷರತ್ತು ಎಷ್ಟು ಕಠಿಣ ಎಂಬುದನ್ನು ಕಥೋಲಿಕ ಶಿಕ್ಷಕರೂ ಮರೆತು ಬರೀ ಪಟ್ಟಿ ಓದಿಸುತ್ತಾರೆ. ಪದ್ಧತಿಯನ್ನು ಖಂಡಿಸುವವರು ಇಂದಿನ ರೂಪವನ್ನು ಖಂಡಿಸಲಿ. ಅದಕ್ಕೂ ಸಾಕಷ್ಟು ವಾದಗಳಿವೆ.

ಇಷ್ಟು ಜಗಳದ ನಡುವೆ ಒಪ್ಪಂದವೂ ಆಗಿದೆ ಎಂಬುದು ಬಹಳ ಮಂದಿ ಬೋಧಕರ ಪಾಠಕ್ಕೆ ಇನ್ನೂ ತಲುಪಿಲ್ಲ. 1541ರಲ್ಲಿ ರೇಗನ್ಸ್‌ಬರ್ಗ್‌ನಲ್ಲಿ ಕಾರ್ಡಿನಲ್ ಕೊಂಟಾರಿನಿ, ಮೆಲಾಂಕ್ಥನ್ ಮೊದಲಾದವರು ಭಾಗಿಯಾಗಿದ್ದ ಮಾತುಕತೆಯಲ್ಲಿ ಎರಡೂ ಕಡೆಯವರು ಈ ವಿಷಯದ ಒಂದು ವಿಧಿಗೆ ಒಪ್ಪಿದ್ದರು. ಅದು ರೋಮಿಗೂ ಹಿಡಿಸಲಿಲ್ಲ, ಲೂಥರನಿಗೂ ಹಿಡಿಸಲಿಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಸಹಿ ಹಾಕಿದ ಜಂಟಿ ಘೋಷಣೆ ಉಳಿದುಕೊಂಡಿತು. ಅದರಲ್ಲಿ 44 ಪರಿಚ್ಛೇದಗಳಿವೆ. 15ನೆಯದರ ತಾತ್ಪರ್ಯ: ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿನ ವಿಶ್ವಾಸದಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಪವಿತ್ರಾತ್ಮನು ನಮ್ಮ ಹೃದಯವನ್ನು ಹೊಸದು ಮಾಡಿ ಒಳ್ಳೆಯ ಕ್ರಿಯೆಗಳಿಗೆ ಸಜ್ಜುಗೊಳಿಸಿ ಕರೆಯುತ್ತಾನೆ. 41ನೆಯದು, ಈ ಘೋಷಣೆಯಲ್ಲಿ ಮಂಡಿಸಿದ ಬೋಧನೆಗೆ ಹದಿನಾರನೇ ಶತಮಾನದ ಖಂಡನೆಗಳು ತಾಗುವುದಿಲ್ಲ ಎನ್ನುತ್ತದೆ. ಮೆಥೊಡಿಸ್ಟರ ವಿಶ್ವ ಮಂಡಳಿ 2006ರಲ್ಲಿ, ಕಾಲ್ವಿನ್ ಪರಂಪರೆಯ ಸಭೆಗಳ ವಿಶ್ವ ಒಕ್ಕೂಟ 2017ರಲ್ಲಿ ಜೊತೆಗೂಡಿದವು.

ಇದನ್ನೂ ಉಬ್ಬಿಸಿ ಹೇಳಬೇಡಿ. ಜರ್ಮನಿಯ ನೂರಕ್ಕೂ ಹೆಚ್ಚು ಪ್ರೊಟೆಸ್ಟೆಂಟ್ ದೇವಶಾಸ್ತ್ರಜ್ಞರು ಆ ಘೋಷಣೆಯನ್ನು ವಿರೋಧಿಸಿ ಸಹಿ ಹಾಕಿದ್ದರು. ಅಮೆರಿಕದ ಮಿಸ್ಸೂರಿ ಸಿನೊಡ್‌ನ ಲೂಥರನ್ನರು ಅದನ್ನು ತಿರಸ್ಕರಿಸಿದರು. ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಗಳು ಅದರಲ್ಲಿ ಇಲ್ಲ. ಘೋಷಣೆಯೇ ತಾನು ಸಾಧಿಸಿದ್ದು ಮೂಲಸತ್ಯಗಳಲ್ಲಿನ ಒಮ್ಮತ ಎನ್ನುತ್ತದೆ, ಎಲ್ಲದರಲ್ಲೂ ಒಮ್ಮತ ಎನ್ನುವುದಿಲ್ಲ. ಇನ್ನೊಂದು ಕಡೆ, 2008ರ ನವೆಂಬರ್ 19ರ ಉಪದೇಶದಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು, ಪ್ರೀತಿಗೆ ವಿರುದ್ಧವಾಗಿ ನಿಲ್ಲಿಸದಿದ್ದರೆ ಲೂಥರನ "ವಿಶ್ವಾಸದಿಂದ ಮಾತ್ರ" ಎಂಬುದು ಸರಿಯೇ ಎಂದಿದ್ದಾರೆ. ಹಾಗಾದರೆ ಮನುಷ್ಯ ನೀತಿವಂತನಾಗುವುದು ಕ್ರಿಯೆಗಳಿಂದ, ಬರಿಯ ನಂಬಿಕೆಯಿಂದಲ್ಲ ಎನ್ನುವ ಯಾಕೋಬನ 2:24ನ್ನು ಒಂದೇ ಏಟಿನ ಅಸ್ತ್ರವೆಂದು ಎತ್ತುವ ಕಥೋಲಿಕ ಶಿಕ್ಷಕರು ಸ್ವಲ್ಪ ತಡೆಯಬೇಕು. ಯಾಕೋಬ ಅಲ್ಲಿ ಟೀಕಿಸುವುದು ದೆವ್ವಗಳಿಗೂ ಇರುವಂಥ ನಂಬಿಕೆಯನ್ನು (2:19). ಅಂಥದ್ದರಿಂದ ರಕ್ಷಣೆ ಎಂದು ಸುಧಾರಕರು ಹೇಳಲಿಲ್ಲ. ಅದೇ ರೀತಿ, ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸ 2:8-9 ಓದಿ ಪುಸ್ತಕ ಮುಚ್ಚುವ ಪ್ರೊಟೆಸ್ಟೆಂಟ್ ಶಿಕ್ಷಕರು, ಒಳ್ಳೆಯ ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಯಾದೆವು ಎನ್ನುವ ಹತ್ತನೇ ವಚನವನ್ನೂ ಓದಿಸಲಿ.

ಇನ್ನು ಮರಿಯಮ್ಮನವರ ವಿಷಯ. ಇಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಬೇರೆಬೇರೆ ತೂಕದ ನಾಲ್ಕೈದು ಸಂಗತಿಗಳನ್ನು ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತಾರೆ.

"ದೇವಮಾತೆ" ಎಂಬ ಬಿರುದು 431ರ ಎಫೆಸದ ಮಹಾಸಭೆಯದು. ಅದು ಮರಿಯಮ್ಮನವರನ್ನು ಹೆಚ್ಚಿಸಲು ಬಂದದ್ದಲ್ಲ, ಆಕೆಯಲ್ಲಿ ಹುಟ್ಟಿದವನು ದೇವರೇ ಹೌದು ಎಂದು ಹೇಳಲು ಬಂದದ್ದು. ಲೂಥರ್ ಈ ಬಿರುದನ್ನು ಬಿಡಲಿಲ್ಲ. ಇದನ್ನು ವಿಗ್ರಹಾರಾಧನೆ ಎನ್ನುವ ಪ್ರೊಟೆಸ್ಟೆಂಟ್ ಬೋಧಕರು ತಮ್ಮದೇ ಹಿರಿಯರ ವಿರುದ್ಧ ಮಾತಾಡುತ್ತಿದ್ದಾರೆ. ನಿತ್ಯಕನ್ಯತ್ವದ್ದೂ, ಅಂದರೆ ಆಕೆ ಕೊನೆತನಕ ಕನ್ಯೆಯಾಗಿಯೇ ಉಳಿದರು ಎಂಬುದರದ್ದೂ, ಹೆಚ್ಚುಕಡಿಮೆ ಇದೇ ಕಥೆ. ಲೂಥರ್, ಸ್ವಿಸ್ ಸುಧಾರಕ ಜ್ವಿಂಗ್ಲಿ ಅದನ್ನು ನಂಬಿದ್ದರು. ಮಗ ಹುಟ್ಟುವ ತನಕ ಯೋಸೇಫ ಆಕೆಯನ್ನು ಕೂಡಲಿಲ್ಲ ಎನ್ನುವ ಮತ್ತಾಯ 1:25ರಿಂದ, ಆಮೇಲೆ ಏನಾಯಿತೆಂದು ತೀರ್ಮಾನಿಸಲಾಗದು ಎಂದು ಕಾಲ್ವಿನ್ ಬರೆದ. ಕಾಲ್ವಿನ್ ಪರಂಪರೆಯದೇ ಆದ 1566ರ ಎರಡನೇ ಹೆಲ್ವೆಟಿಕ್ ಪ್ರಮಾಣ ಆಕೆಯನ್ನು ನಿತ್ಯಕನ್ಯೆ ಎಂದೇ ಕರೆಯುತ್ತದೆ. ಇಂದಿನ ಬಹುಪಾಲು ಪ್ರೊಟೆಸ್ಟೆಂಟರು ಮಾರ್ಕ 6:3 ಹೇಳುವ ಯೇಸುವಿನ ಸಹೋದರರು ಮರಿಯಳ ಮಕ್ಕಳೇ ಎನ್ನುತ್ತಾರೆ. ಅದು ಅವರ ನಿಲುವು, ಹೇಳಲಿ. ಸುಧಾರಣೆಯ ಮೂಲಬೋಧನೆ ಎಂದು ಮಾತ್ರ ಹೇಳಬಾರದು.

ಅಮಲೋದ್ಭವದ ಬಗ್ಗೆ ಎರಡೂ ಕಡೆಯ ವಿದ್ಯಾರ್ಥಿಗಳು ಮಾಡುವ ತಪ್ಪು ಒಂದೇ: ಅದು ಯೇಸು ಕನ್ಯೆಯಲ್ಲಿ ಹುಟ್ಟಿದ್ದಕ್ಕೆ ಸಂಬಂಧಿಸಿದ್ದು ಎಂದುಕೊಳ್ಳುತ್ತಾರೆ. ಅದಲ್ಲ. ಮರಿಯಮ್ಮನವರು ತಮ್ಮ ತಾಯಿಯ ಗರ್ಭದಲ್ಲಿ ರೂಪುಗೊಂಡ ಕ್ಷಣದಿಂದಲೇ ಜನ್ಮಪಾಪದಿಂದ ಕಾಪಾಡಲ್ಪಟ್ಟರು ಎಂಬುದು ಆ ಬೋಧನೆ. 1854ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೇ ಪಯಸ್ ಅದನ್ನು ಘೋಷಿಸಿದರು. ಘೋಷಣೆಯ ಒಳಗೇ "ಮಾನವಕುಲದ ರಕ್ಷಕನಾದ ಯೇಸುಕ್ರಿಸ್ತನ ಪುಣ್ಯಫಲವನ್ನು ಮುಂದಾಗಿ ನೋಡಿ" ಎಂಬರ್ಥದ ಮಾತಿದೆ. ಹೀಗಿರುವಾಗ ಲೂಕ 1:47ರಲ್ಲಿ ಮರಿಯಳು ದೇವರನ್ನು "ನನ್ನ ರಕ್ಷಕ" ಎಂದದ್ದನ್ನು ತೋರಿಸಿದರೆ ಕಥೋಲಿಕರು ಸೋಲುವುದಿಲ್ಲ, ಅವರೂ ಅದನ್ನೇ ಹೇಳುವುದು: ಬಿದ್ದ ಮೇಲೆ ಎತ್ತುವುದು ಒಂದು ರಕ್ಷಣೆ, ಬೀಳದಂತೆ ತಡೆಯುವುದು ಇನ್ನೊಂದು. ಪ್ರೊಟೆಸ್ಟೆಂಟರ ಕೈಯಲ್ಲಿರುವ ಬಲವಾದ ಪ್ರಶ್ನೆ ಬೇರೆ. ಧರ್ಮಗ್ರಂಥದಲ್ಲಿ ನೇರವಾಗಿ ಇಲ್ಲದ್ದನ್ನು, ಕಥೋಲಿಕರದೇ ಸಂತ ಬರ್ನಾರ್ಡ್ ಹನ್ನೆರಡನೇ ಶತಮಾನದಲ್ಲಿ ಆಕ್ಷೇಪಿಸಿದ್ದನ್ನು, ಅವರ ಹಿರಿಯ ದೇವಶಾಸ್ತ್ರಜ್ಞ ತೋಮಸ್ ಅಕ್ವೈನಸ್ ಒಪ್ಪದಿದ್ದನ್ನು, 1854ರಲ್ಲಿ ಎಲ್ಲರೂ ನಂಬಲೇಬೇಕೆಂದು ಕಡ್ಡಾಯ ಮಾಡುವ ಅಧಿಕಾರ ಯಾರಿಗಿದೆ? ಕಥೋಲಿಕ ಶಿಕ್ಷಕರು ಬರ್ನಾರ್ಡ್, ಅಕ್ವೈನಸ್‌ರ ಹೆಸರನ್ನು ಪಾಠದಿಂದ ಮರೆಮಾಡದೆ ಉತ್ತರಿಸಬೇಕಾದ ಪ್ರಶ್ನೆ ಇದು.

ಸ್ವರ್ಗಸ್ವೀಕಾರಕ್ಕೂ, ಅಂದರೆ ಮರಿಯಮ್ಮನವರನ್ನು ದೇಹಸಮೇತ ಸ್ವರ್ಗಕ್ಕೆ ತೆಗೆದುಕೊಳ್ಳಲಾಯಿತು ಎಂಬ ಬೋಧನೆಗೂ, ಅದೇ ಪ್ರಶ್ನೆ ಅನ್ವಯಿಸುತ್ತದೆ. 1946ರಲ್ಲಿ ಜಗತ್ತಿನ ಧರ್ಮಾಧ್ಯಕ್ಷರ ಅಭಿಪ್ರಾಯ ಕೇಳಿ, 1950ರ ನವೆಂಬರ್ 1ರಂದು ಪೋಪ್ ಹನ್ನೆರಡನೇ ಪಯಸ್ ಅದನ್ನು ಘೋಷಿಸಿದರು. ಆಕೆ ಮರಣ ಹೊಂದಿದರೋ ಇಲ್ಲವೋ ಎಂಬುದನ್ನು ಘೋಷಣೆಯ ಸೂತ್ರವಾಕ್ಯ ಮುಟ್ಟುವುದಿಲ್ಲ. "ಭೂಮಿಯ ಮೇಲಿನ ಬದುಕಿನ ಓಟ ಮುಗಿಸಿ" ಎಂದಷ್ಟೇ ಹೇಳುತ್ತದೆ. ಆಕೆಯ ಅಂತ್ಯ ಹೇಗಾಯಿತೆಂದು ಯಾರಿಗೂ ತಿಳಿಯದು ಎಂದು ನಾಲ್ಕನೇ ಶತಮಾನದ ಧರ್ಮಾಧ್ಯಕ್ಷ ಎಪಿಫಾನಿಯಸ್ ಬರೆದಿದ್ದಾನೆ.

ಆರಾಧನೆಯ ಆರೋಪಕ್ಕೆ ಬರೋಣ. ದೇವರಿಗೆ ಮಾತ್ರ ಸಲ್ಲುವ ಆರಾಧನೆ ಬೇರೆ, ಸಂತರಿಗೆ ಕೊಡುವ ಗೌರವ ಬೇರೆ ಎಂದು 787ರ ಎರಡನೇ ನಿಸಿಯ ಮಹಾಸಭೆ ಗೆರೆ ಎಳೆದಿದೆ. ಆ ಗೆರೆ ಕಾಗದದ ಮೇಲೆ ಸ್ಪಷ್ಟ. ಪ್ರಾರ್ಥನೆಯಲ್ಲಿ ಎಷ್ಟು ಸ್ಪಷ್ಟ ಎಂಬುದನ್ನು ನೋಡಲು "ನಮೋ ಮರಿಯಾ" ಪ್ರಾರ್ಥನೆಯನ್ನೇ ಸಾಲುಸಾಲಾಗಿ ಬಿಡಿಸಿ. ಮೊದಲ ಭಾಗ ಲೂಕನ 1:28 ಮತ್ತು 1:42ರ ಮಾತುಗಳು, ದೂತನದೂ ಎಲಿಜಬೇತಳದೂ. ಎರಡನೇ ಭಾಗ ಸಭೆ ಸೇರಿಸಿದ್ದು. ಈಗಿನ ಪೂರ್ಣರೂಪದಲ್ಲಿ ಅದು ರೋಮಿನ 1568ರ ಪ್ರಾರ್ಥನಾಗ್ರಂಥದಲ್ಲಿದೆ. ಅಲ್ಲಿ ಕೇಳುವುದು "ನಮಗಾಗಿ ಪ್ರಾರ್ಥಿಸಿರಿ" ಎಂದು. "ನಮ್ಮನ್ನು ರಕ್ಷಿಸಿರಿ", "ನಮ್ಮ ಪಾಪ ಕ್ಷಮಿಸಿರಿ" ಎಂಬ ಮಾತು ಎಲ್ಲೂ ಇಲ್ಲ. ಜಪಸರ ಹೇಳುವಾಗ ಧ್ಯಾನಿಸುವ ಇಪ್ಪತ್ತು ರಹಸ್ಯಗಳನ್ನು ಎಣಿಸಿ ನೋಡಿ: ಹದಿನೆಂಟು ನೇರ ಸುವಾರ್ತೆಯ ಮತ್ತು ಅಪೊಸ್ತಲರ ಕಾರ್ಯಗಳ ಘಟನೆಗಳು. ಮಹಿಮೆಯ ರಹಸ್ಯಗಳಲ್ಲಿ ಕೊನೆಯ ಎರಡು, ಸ್ವರ್ಗಸ್ವೀಕಾರ ಮತ್ತು ಕಿರೀಟಧಾರಣೆ, ಮಾತ್ರ ಹಾಗಲ್ಲ. ಪ್ರೊಟೆಸ್ಟೆಂಟ್ ವಿದ್ಯಾರ್ಥಿಗೆ ಇದನ್ನು ತೋರಿಸಿದರೆ ಅವನ ಆಕ್ಷೇಪ ಎಲ್ಲಿ ಶುರುವಾಗಬೇಕೋ ಅಲ್ಲಿಂದಲೇ ಶುರುವಾಗುತ್ತದೆ.

ಆದರೆ ಕಥೋಲಿಕರು ಇಲ್ಲಿ ಗೆದ್ದೆವೆಂದು ಎದ್ದು ಹೋಗುವಂತಿಲ್ಲ. ಜಪಸರದ ಕೊನೆಗೆ ಹೇಳುವ "ರಾಣಿಯೇ ವಂದನೆ" ಪ್ರಾರ್ಥನೆ ಮರಿಯಮ್ಮನವರನ್ನು ನಮ್ಮ ಜೀವವೇ, ಮಾಧುರ್ಯವೇ, ನಮ್ಮ ಭರವಸೆಯೇ ಎಂದು ಕರೆಯುತ್ತದೆ. ಇದನ್ನು ಕೇಳಿದ ಪ್ರೊಟೆಸ್ಟೆಂಟನಿಗೆ ಗೆರೆ ಅಳಿಸಿದ ಹಾಗೆ ಕಂಡರೆ ಅವನದು ತಪ್ಪಲ್ಲ. ಭಕ್ತಿಯ ಭಾಷೆ ಸಿದ್ಧಾಂತದ ಭಾಷೆಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ ಓಡುತ್ತದೆ ಎಂದು ವಿವರಿಸಬೇಕು, ಎಲ್ಲಿ ಅದು ತೀರಾ ಓಡಿತು ಎಂದೂ ಹೇಳಬೇಕು. ಎರಡನೇ ವ್ಯಾಟಿಕನ್ ಮಹಾಸಭೆ ಇಂಥ ಎಚ್ಚರಿಕೆ ಹೇಳಿದೆ. ಮರಿಯಮ್ಮನವರ ಬಗ್ಗೆ ಪ್ರತ್ಯೇಕ ದಾಖಲೆ ಬೇಕೋ, ಸಭೆಯ ಕುರಿತ ದಾಖಲೆಯೊಳಗೇ ಸೇರಿಸಬೇಕೋ ಎಂಬುದಕ್ಕೆ 1963ರ ಅಕ್ಟೋಬರ್ 29ರಂದು ಮತ ಹಾಕಿದಾಗ 1114 ಮಂದಿ ಒಳಗೆ ಸೇರಿಸಿ ಎಂದರು, 1074 ಮಂದಿ ಬೇಡ ಎಂದರು. ಹಾಗೆ ಸಭೆಯ ಕುರಿತ ದಾಖಲೆಯೊಳಗೆ ಬಂದ ಎಂಟನೇ ಅಧ್ಯಾಯದ 62ನೇ ಪರಿಚ್ಛೇದ, ಆಕೆಯ ಮಧ್ಯಸ್ಥಿಕೆ ಏಕೈಕ ಮಧ್ಯಸ್ಥನಾದ ಕ್ರಿಸ್ತನ ಘನತೆಗೆ ಏನನ್ನೂ ಕಳೆಯುವುದೂ ಇಲ್ಲ, ಕೂಡಿಸುವುದೂ ಇಲ್ಲ ಎಂದು ಹೇಳುತ್ತದೆ. 67ನೆಯದು ಬೋಧಕರಿಗೇ ಬರೆದದ್ದು: ಅತಿಶಯೋಕ್ತಿಯೂ ಬೇಡ, ಸಂಕುಚಿತತೆಯೂ ಬೇಡ. ಕೆಲವರು ಮರಿಯಮ್ಮನವರಿಗೆ ಕೊಡುವ "ಸಹರಕ್ಷಕಿ" ಎಂಬ ಬಿರುದು ಸೂಕ್ತವಲ್ಲ ಎಂದು ವ್ಯಾಟಿಕನ್ನಿನ ವಿಶ್ವಾಸಸಿದ್ಧಾಂತ ಇಲಾಖೆ 2025ರ ನವೆಂಬರ್ 4ರ ಟಿಪ್ಪಣಿಯಲ್ಲಿ ಹೇಳಿದೆ. ಆ ಬಿರುದನ್ನು ಇನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸುವ ಕಥೋಲಿಕರು, ಅದನ್ನೇ ಕಥೋಲಿಕ ಸಿದ್ಧಾಂತವೆಂದು ಖಂಡಿಸುವ ಪ್ರೊಟೆಸ್ಟೆಂಟರು, ಇಬ್ಬರೂ ಈ ಟಿಪ್ಪಣಿ ಓದಲಿ. ಲೂರ್ದ್, ಫಾತಿಮಾಗಳಲ್ಲಿ ಮರಿಯಮ್ಮನವರು ಕೊಟ್ಟರೆನ್ನುವ ದರ್ಶನಗಳನ್ನು ನಂಬುವುದು ಕಥೋಲಿಕರಿಗೂ ವಿಶ್ವಾಸದ ಕಡ್ಡಾಯವಲ್ಲ ಎಂಬುದನ್ನೂ ಜೊತೆಗೆ ಸೇರಿಸಿ.

ಮರಿಯಮ್ಮನವರ ವಿಷಯದಲ್ಲಿ ಕೊನೆಗೆ ಉಳಿಯುವ ನಿಜವಾದ ಜಗಳ ಹೀಗಿದೆ. 1 ತಿಮೊಥೆ 2:5 ಮಧ್ಯಸ್ಥ ಒಬ್ಬನೇ ಎನ್ನುತ್ತದೆ. ಅದೇ ಅಧ್ಯಾಯದ ಮೊದಲ ವಚನದಲ್ಲಿ ಪೌಲ ಎಲ್ಲರಿಗಾಗಿ ಬಿನ್ನಹ ಮಾಡಿ ಎನ್ನುತ್ತಾನೆ, ಆದ್ದರಿಂದ ಇನ್ನೊಬ್ಬರ ಪ್ರಾರ್ಥನೆ ಕೇಳುವುದು ಕ್ರಿಸ್ತನಿಗೆ ಪೈಪೋಟಿಯಲ್ಲ ಎಂಬುದು ಕಥೋಲಿಕರ ವಾದ. ಬದುಕಿರುವವರನ್ನು ಕೇಳುವುದು ಸರಿ, ಗತಿಸಿದವರನ್ನು ಕರೆದು ಕೇಳಿದ ಒಂದಾದರೂ ಉದಾಹರಣೆ ಧರ್ಮಗ್ರಂಥದಲ್ಲಿ ತೋರಿಸಿ ಎಂಬುದು ಪ್ರೊಟೆಸ್ಟೆಂಟರ ಮರುಪ್ರಶ್ನೆ. ಸ್ವರ್ಗದಲ್ಲಿರುವವರು ಸಭೆಗಾಗಿ ಪ್ರಾರ್ಥಿಸುತ್ತಾರೆ ಎಂಬುದನ್ನು ಆಗ್ಸ್‌ಬರ್ಗ್ ಪ್ರಮಾಣದ ಸಮರ್ಥನೆಯಲ್ಲಿ ಮೆಲಾಂಕ್ಥನ್ ಒಪ್ಪಿಕೊಂಡೇ ಮಾತಾಡುತ್ತಾನೆ. ಅವರನ್ನು ಕರೆದು ಬೇಡಲು ದೇವರ ಅಪ್ಪಣೆ ಎಲ್ಲಿದೆ, ವಾಗ್ದಾನ ಎಲ್ಲಿದೆ ಎಂಬುದು ಅವನ ಆಕ್ಷೇಪ. ಕಥೋಲಿಕರ ಉತ್ತರ ಸಭೆಯ ಪರಂಪರೆಯಲ್ಲಿದೆ. ಹಾಗಾಗಿ ಮರಿಯಮ್ಮನವರ ಬಗೆಗಿನ ಚರ್ಚೆ ಸ್ವಲ್ಪ ದೂರ ಹೋದ ಕೂಡಲೇ ಧರ್ಮಗ್ರಂಥವೊಂದೇ ಸಾಕೇ, ಪರಂಪರೆಯೂ ಬೇಕೇ ಎಂಬ ಚರ್ಚೆಯಾಗಿ ಬದಲಾಗುತ್ತದೆ. ಹಾಗಾಗುವುದನ್ನು ಮೊದಲೇ ತಿಳಿದು ಸಿದ್ಧರಾಗಿ ಬನ್ನಿ.

ಇನ್ನು ಕಲಿಸುವ ಕೆಲಸಕ್ಕೆ ಸಂಬಂಧಿಸಿ. ಖಂಡನಾ ಸೂತ್ರವನ್ನು ಅದರ ಅಧ್ಯಾಯವಿಲ್ಲದೆ ಓದಿಸಬೇಡಿ. ಸೂತ್ರ ಏನನ್ನು ತಳ್ಳಿತು ಎಂದಷ್ಟೇ ಹೇಳುತ್ತದೆ, ಏನನ್ನು ನಂಬುತ್ತಾರೆ ಎಂಬುದು ಅಧ್ಯಾಯದಲ್ಲಿರುತ್ತದೆ. ನಿಮ್ಮ ಸಭೆಯ ಒಳ್ಳೆಯ ಪುಸ್ತಕವನ್ನು ಎದುರಿನ ಸಭೆಯ ಅರೆತಿಳಿದ ಭಕ್ತನ ಪಕ್ಕದಲ್ಲಿಟ್ಟು ತೂಗಬೇಡಿ. ಪುಸ್ತಕಕ್ಕೆ ಪುಸ್ತಕ, ಭಕ್ತನಿಗೆ ಭಕ್ತ. ಎದುರಿನ ನಿಲುವನ್ನು ಒಂದು ಪುಟದಲ್ಲಿ ಬರೆದು ಆ ಸಭೆಯ ಒಬ್ಬ ಶಿಕ್ಷಕರಿಗೆ ಕೊಟ್ಟು ತಿದ್ದಿಸಿಕೊಳ್ಳಿ, ತಿದ್ದಿದ ಪ್ರತಿಯನ್ನೇ ತರಗತಿಯಲ್ಲಿ ಹಂಚಿ. ಮಿಶ್ರ ವಿವಾಹಕ್ಕೆ ಸಿದ್ಧರಾಗುತ್ತಿರುವ ಜೋಡಿಗಳಿಗೆ ಇದು ತುರ್ತಾಗಿ ಬೇಕು. 1983ರ ಕಥೋಲಿಕ ಧರ್ಮಸಂಹಿತೆಯ 1125ನೇ ವಿಧಿಯಂತೆ, ಮಕ್ಕಳನ್ನು ಕಥೋಲಿಕ ಸಭೆಯಲ್ಲಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆಂದು ಮಾತು ಕೊಡುವುದು ಕಥೋಲಿಕ ಸಂಗಾತಿ ಮಾತ್ರ. ಇನ್ನೊಬ್ಬರಿಗೆ ಅದನ್ನು ತಿಳಿಸಿದರೆ ಸಾಕು, ಅವರಿಂದ ವಚನ ಬೇಕಿಲ್ಲ. ನೀರಿನಿಂದ, ಪಿತ, ಪುತ್ರ, ಪವಿತ್ರಾತ್ಮರ ಹೆಸರಿನಲ್ಲಿ ಕೊಟ್ಟ ಪ್ರೊಟೆಸ್ಟೆಂಟ್ ದೀಕ್ಷಾಸ್ನಾನವನ್ನು ಕಥೋಲಿಕ ಸಭೆ ಮತ್ತೊಮ್ಮೆ ಕೊಡುವುದಿಲ್ಲ. ಇವೆರಡನ್ನು ತಪ್ಪಾಗಿ ತಿಳಿಸಿದ್ದರಿಂದ ಬೆಳೆದ ಮನಸ್ತಾಪಕ್ಕೆ ಸಿದ್ಧಾಂತವೇ ಕಾರಣ ಎಂದು ಆಮೇಲೆ ಹೇಳಿಕೊಂಡು ತಿರುಗುತ್ತಾರೆ.

ಸಮಯ ಒಂದೇ ಗಂಟೆ ಇದ್ದರೆ ರಕ್ಷಣೆಯ ವಿಷಯವನ್ನು ಮಾತ್ರ ತೆಗೆದುಕೊಳ್ಳಿ. ಟ್ರೆಂಟ್‌ನ ಏಳು ಮತ್ತು ಎಂಟನೇ ಅಧ್ಯಾಯ, ಆಗ್ಸ್‌ಬರ್ಗ್‌ನ ನಾಲ್ಕು ಮತ್ತು ಆರನೇ ವಿಧಿ, ಜಂಟಿ ಘೋಷಣೆಯ 15ನೇ ಪರಿಚ್ಛೇದ, ಈ ಕ್ರಮದಲ್ಲಿ ಗಟ್ಟಿಯಾಗಿ ಓದಿಸಿ, ನಡುವೆ ಪ್ರಶ್ನೆಗೆ ನಿಲ್ಲಿಸಿ. ಮರಿಯಮ್ಮನವರ ವಿಷಯವನ್ನು ಅದೇ ಗಂಟೆಗೆ ತುರುಕಬೇಡಿ. ಅದಕ್ಕೆ ಇನ್ನೊಂದು ದಿನ ಇಡಿ, ಆ ದಿನ ವ್ಯಾಟಿಕನ್ ಮಹಾಸಭೆಯ ಎಂಟನೇ ಅಧ್ಯಾಯವನ್ನೂ ಆಗ್ಸ್‌ಬರ್ಗ್‌ನ 21ನೇ ವಿಧಿಯನ್ನೂ ಹೈಡೆಲ್‌ಬರ್ಗ್‌ನ 94ನೇ ಪ್ರಶ್ನೆಯನ್ನೂ ಮೇಜಿನ ಮೇಲಿಟ್ಟುಕೊಂಡು ಕೂರಿ.

ವಂದನೆಗಳೊಂದಿಗೆ,
ಎರಡೂ ಸಭೆಗಳ ಧರ್ಮೋಪದೇಶ ಓದುವ ಕೆಲವರು